ಮುಖದ ಮೇಲೆ ಲೇಸರ್: ಜೀವಕೋಶಕ್ಕೆ ನಿಜವಾಗಿ ಆಗುವುದೇನು?

ಮದುವೆ ಸೀಸನ್ ಹತ್ತಿರ ಬಂತೆಂದರೆ ಸ್ಕಿನ್ ಕ್ಲಿನಿಕ್‌ಗಳ ಜಾಹೀರಾತು ಜೋರಾಗುತ್ತದೆ. ನಾಲ್ಕು ಸಿಟ್ಟಿಂಗ್‌ನಲ್ಲಿ ಚರ್ಮದ ವಯಸ್ಸು ಹತ್ತು ವರ್ಷ ಇಳಿಯುತ್ತದೆ, ಜೀವಕೋಶಗಳೇ ಹೊಸದಾಗುತ್ತವೆ ಎಂಬ ಭರವಸೆ ಮೊಬೈಲ್ ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಅದೇ ಹೊತ್ತಿಗೆ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೊಂದು ಸುದ್ದಿ ಓಡಾಡುತ್ತಿರುತ್ತದೆ. ಲೇಸರ್ ಮಾಡಿಸಿಕೊಂಡರೆ ಕ್ಯಾನ್ಸರ್ ಬರುತ್ತದಂತೆ, ಚರ್ಮ ತೆಳುವಾಗಿ ನಲವತ್ತಕ್ಕೇ ಮುಪ್ಪು ಹಿಡಿಯುತ್ತದಂತೆ. ಒಂದು ಕಡೆ ಅತಿಯಾಸೆ, ಇನ್ನೊಂದು ಕಡೆ ಅತಿಭಯ. ನಮ್ಮಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದನ್ನು ನಂಬಿದವರೇ. ಎರಡಕ್ಕೂ ಸಮಾಧಾನದಿಂದ ಉತ್ತರ ಹುಡುಕಬೇಕಾಗಿದೆ.

ಮೊದಲು ಯಂತ್ರಗಳ ಪರಿಚಯ. ಲೇಸರ್ ಎಂದರೆ ಒಂದೇ ತರಂಗಾಂತರದ ಬೆಳಕು. ಐಪಿಎಲ್ ಎಂದರೆ ಹಲವು ತರಂಗಾಂತರಗಳು ಕೂಡಿದ ಬೆಳಕಿನ ಮಿಂಚು. ಆರ್‌ಎಫ್, ಅಂದರೆ ರೇಡಿಯೊ ಫ್ರೀಕ್ವೆನ್ಸಿ, ಚರ್ಮದೊಳಗೆ ವಿದ್ಯುತ್ ಹರಿಸಿ ಬಿಸಿ ಹುಟ್ಟಿಸುತ್ತದೆ. ಹೈಫು ಅಲ್ಟ್ರಾಸೌಂಡ್ ಅಲೆಗಳನ್ನು ಒಂದು ಬಿಂದುವಿನಲ್ಲಿ ಕೂಡಿಸಿ ಅಲ್ಲಿ ಮಾತ್ರ ಕಾಯಿಸುತ್ತದೆ. ಈ ನಾಲ್ಕೂ ಮುಖ್ಯವಾಗಿ ಕೆಲಸ ಮಾಡುವುದು ಬಿಸಿಯಿಂದ. ಎಲ್‌ಇಡಿ ಮಾಸ್ಕ್ ಮಾತ್ರ ಬೇರೆ ಜಾತಿಯದು. ಅದರ ವಿಷಯ ಮುಂದೆ ಬರುತ್ತದೆ.

ಇನ್ನು ಚರ್ಮದ ವಯಸ್ಸು. ಅದು ಎರಡು ದಾರಿಯಲ್ಲಿ ಏರುತ್ತದೆ. ಒಂದು ಕಾಲದ ದಾರಿ, ಇನ್ನೊಂದು ಬಿಸಿಲಿನ ದಾರಿ. ವರ್ಷಗಟ್ಟಲೆ ಗದ್ದೆಯಲ್ಲಿ ನಾಟಿ ಮಾಡಿದ ಅಜ್ಜಿಯೊಬ್ಬರ ತೋಳನ್ನು ನೋಡಿ. ರವಿಕೆಯ ತೋಳು ಮುಗಿಯುವಲ್ಲಿ ಒಂದು ಗೆರೆ ಇರುತ್ತದೆ. ಗೆರೆಯ ಮೇಲಿನ ಚರ್ಮ ಸಡಿಲವಾಗಿದ್ದರೂ ನಯವಾಗಿರುತ್ತದೆ. ಗೆರೆಯ ಕೆಳಗೆ ಅದೇ ತೋಳಿನ ಚರ್ಮ ಒರಟಾಗಿ, ಕಲೆಗಟ್ಟಿ, ಆಳವಾದ ಸುಕ್ಕು ಹಿಡಿದಿರುತ್ತದೆ. ಹುಟ್ಟಿದ ದಿನ ಒಂದೇ, ಜೀನುಗಳೂ ಒಂದೇ. ವ್ಯತ್ಯಾಸ ಮಾಡಿದ್ದು ಬಿಸಿಲು. ಯಂತ್ರಗಳ ಬಗ್ಗೆ ಯೋಚಿಸುವಾಗಲೆಲ್ಲ ಈ ಎರಡು ದಾರಿಗಳು ನೆನಪಿನಲ್ಲಿರಬೇಕು.

ತಪ್ಪು ಕಲ್ಪನೆ 1: ಲೇಸರ್ ಒಂದು ವಿಕಿರಣ. ಅದು ಡಿಎನ್‌ಎ ಕೆಡಿಸಿ ಕ್ಯಾನ್ಸರ್ ತರುತ್ತದೆ.

ವಾಸ್ತವ: ವಿಕಿರಣ ಎಂಬ ಪದ ಕೇಳಿದೊಡನೆ ನಮಗೆ ಎಕ್ಸ್‌ರೇ, ಅಣುಬಾಂಬು ನೆನಪಾಗುತ್ತವೆ. ಆದರೆ ಮನೆಯ ಬಲ್ಬಿನ ಬೆಳಕೂ ವಿಕಿರಣವೇ. ಡಿಎನ್‌ಎ ಎಳೆಯನ್ನು ನೇರವಾಗಿ ಕೆಡಿಸುವಷ್ಟು ಕಸುವು ಆ ಕಿರಣಕ್ಕೆ ಇದೆಯೇ ಎಂಬುದಷ್ಟೇ ಇಲ್ಲಿ ಮುಖ್ಯ. ಸೂರ್ಯನ ನೇರಳಾತೀತ ಕಿರಣಕ್ಕೆ, ಅಂದರೆ 400 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕಿಗೆ, ಆ ಕಸುವಿದೆ. ಅದರಲ್ಲೂ 280ರಿಂದ 315 ನ್ಯಾನೊಮೀಟರ್‌ನ ಯುವಿಬಿ ಕಿರಣ ಡಿಎನ್‌ಎಯಲ್ಲಿ ಅಕ್ಕಪಕ್ಕದ ಘಟಕಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಚರ್ಮದ ಕ್ಯಾನ್ಸರಿಗೆ ಅದು ಮೊದಲ ಮೆಟ್ಟಿಲು.

ಕೂದಲು ತೆಗೆಯುವ, ಕಲೆ ತಿಳಿಯಾಗಿಸುವ, ಸುಕ್ಕು ಕಡಿಮೆ ಮಾಡುವ ಲೇಸರ್‌ಗಳು ಈ ನೇರಳಾತೀತ ಪಟ್ಟಿಯ ಆಚೆಗಿವೆ. ಅಲೆಕ್ಸಾಂಡ್ರೈಟ್ ಲೇಸರ್ 755, ಎನ್‌ಡಿ-ಯಾಗ್ 1064, ಎರ್ಬಿಯಂ-ಯಾಗ್ 2940, ಕಾರ್ಬನ್ ಡೈಆಕ್ಸೈಡ್ ಲೇಸರ್ 10,600 ನ್ಯಾನೊಮೀಟರ್. ಇವು ಗೋಚರ ಬೆಳಕು ಅಥವಾ ಅವಗೆಂಪು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ಒಳಗಿನ ರಕ್ತ ಅಥವಾ ನೀರು ಇವನ್ನು ಹೀರಿ ಬಿಸಿಯಾಗುತ್ತದೆ. ಆರ್‌ಎಫ್, ಹೈಫು ಯಂತ್ರಗಳಿಗೂ ಡಿಎನ್‌ಎ ಎಳೆ ಮುರಿಯುವ ಕಸುವಿಲ್ಲ.

ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಲೇಬೇಕು. ತೊನ್ನಿಗೆ ಬಳಸುವ 308 ನ್ಯಾನೊಮೀಟರ್‌ನ ಎಕ್ಸೈಮರ್ ಲೇಸರ್ ನೇರಳಾತೀತವೇ. ಅದನ್ನು ವೈದ್ಯರು ಅಳತೆ ಇಟ್ಟುಕೊಂಡು ಕೊಡುತ್ತಾರೆ. ಎರಡನೆಯದು ಮಚ್ಚೆಯ ವಿಷಯ. ಆಕಾರ ಬದಲಾಗುತ್ತಿರುವ, ದೊಡ್ಡದಾಗುತ್ತಿರುವ ಮಚ್ಚೆಯನ್ನು ಪರೀಕ್ಷಿಸದೆ ಲೇಸರ್‌ನಿಂದ ಅಳಿಸಬಾರದು. ಲೇಸರ್ ಅಲ್ಲಿ ಕ್ಯಾನ್ಸರ್ ಹುಟ್ಟಿಸುವುದಿಲ್ಲ. ಆದರೆ ಮೊದಲೇ ಇದ್ದ ಕ್ಯಾನ್ಸರಿನ ಗುರುತನ್ನು ಮುಚ್ಚಿಹಾಕಿ ಪತ್ತೆಯನ್ನು ತಡಮಾಡಬಲ್ಲದು.

ತಪ್ಪು ಕಲ್ಪನೆ 2: ಈ ಚಿಕಿತ್ಸೆಗಳು ಜೀವಕೋಶದ ವಯಸ್ಸನ್ನೇ ಹಿಂದಕ್ಕೆ ತಿರುಗಿಸುತ್ತವೆ.

ವಾಸ್ತವ: ಜೀವಕೋಶಕ್ಕೆ ವಯಸ್ಸಾಗುವುದು ಒಂದೇ ಒಂದು ಸಂಗತಿಯಲ್ಲ. 1961ರಲ್ಲಿ ಅಮೆರಿಕದ ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಜೀವಕೋಶಗಳು ಸುಮಾರು 40ರಿಂದ 60 ಬಾರಿ ವಿಭಜನೆಯಾಗಿ ನಿಂತುಬಿಡುತ್ತವೆ ಎಂದು ತೋರಿಸಿದರು. ಪ್ರತಿ ವಿಭಜನೆಯಲ್ಲೂ ವರ್ಣತಂತುವಿನ ತುದಿಯ ಟೆಲೊಮಿಯರ್ ಸ್ವಲ್ಪ ಸ್ವಲ್ಪ ಸವೆಯುವುದು ಇದಕ್ಕೊಂದು ಕಾರಣ ಎಂದು ಆಮೇಲೆ ತಿಳಿಯಿತು. ಟೆಲೊಮಿಯರ್ ಕುರಿತ ಸಂಶೋಧನೆಗೆ 2009ರ ನೊಬೆಲ್ ಪ್ರಶಸ್ತಿಯೂ ಬಂತು. 2013ರಲ್ಲಿ ಸ್ಪೇನಿನ ಕಾರ್ಲೋಸ್ ಲೋಪೆಜ್-ಓಟಿನ್ ಮತ್ತು ಸಂಗಡಿಗರು ಮುಪ್ಪಿನ ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡಿದರು. 2023ರಲ್ಲಿ ಅದು ಹನ್ನೆರಡಕ್ಕೆ ಏರಿತು. ಡಿಎನ್‌ಎ ಹಾನಿ, ಟೆಲೊಮಿಯರ್ ಸವೆತ, ಮೈಟೊಕಾಂಡ್ರಿಯದ ನಿಶ್ಶಕ್ತಿ, ಕಾಂಡಕೋಶಗಳ ಕೊರತೆ, ವಿಭಜನೆ ನಿಲ್ಲಿಸಿಯೂ ಸಾಯದೆ ಕುಳಿತ ಮುದಿಕೋಶಗಳು, ಹೀಗೆ ಪಟ್ಟಿ ಬೆಳೆಯುತ್ತದೆ. ಇವೆಲ್ಲವನ್ನೂ ಸರಿಪಡಿಸುವ ಯಂತ್ರ ಯಾವ ಕ್ಲಿನಿಕ್‌ನಲ್ಲೂ ಇಲ್ಲ.

ಹಾಗಾದರೆ ಜೀನ್ ಮಟ್ಟದಲ್ಲೇ ಯೌವನ ಮರಳುತ್ತದೆ ಎಂಬ ಜಾಹೀರಾತಿನ ಮಾತು ಎಲ್ಲಿಂದ ಬಂತು? ಅದರ ಒಂದು ಮೂಲ 2013ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ. ಐಪಿಎಲ್ ಬಗೆಯ ಬೆಳಕಿನ ಚಿಕಿತ್ಸೆ ಪಡೆದ ಹಿರಿಯ ಮಹಿಳೆಯರ ಮುಂಗೈ ಚರ್ಮದಲ್ಲಿ, ವಯಸ್ಸಿನೊಂದಿಗೆ ಬದಲಾಗಿದ್ದ ಎಷ್ಟೋ ಜೀನ್‌ಗಳ ಚಟುವಟಿಕೆ ಎಳೆಯರ ಚರ್ಮದ ಮಟ್ಟಕ್ಕೆ ಹತ್ತಿರವಾಗಿದ್ದನ್ನು ಅಲ್ಲಿ ದಾಖಲಿಸಿದರು. ಸಂಶೋಧನೆ ಪ್ರಾಮಾಣಿಕವಾದದ್ದೇ, ಕುತೂಹಲಕರವೂ ಹೌದು. ಆದರೆ ಅದರಲ್ಲಿ ಪಾಲ್ಗೊಂಡವರು ಬೆರಳೆಣಿಕೆಯಷ್ಟು ಮಂದಿ. ಅದನ್ನು ಪ್ರಾಥಮಿಕ ಪ್ರಯೋಗ ಎಂದೇ ಸಂಶೋಧಕರು ಕರೆದಿದ್ದರು. ಜೀನ್‌ಗಳ ಚಟುವಟಿಕೆ ಬದಲಾಗುವುದು ಬೇರೆ, ಆ ಚರ್ಮ ಹೆಚ್ಚು ಕಾಲ ಆರೋಗ್ಯವಾಗಿ ಬಾಳುವುದು ಬೇರೆ. ಮೊದಲನೆಯದರ ಸುಳಿವು ಸಿಕ್ಕಿದೆ. ಅಷ್ಟರಿಂದಲೇ ಎರಡನೆಯದು ಸಾಬೀತಾಗುವುದಿಲ್ಲ.

ತಪ್ಪು ಕಲ್ಪನೆ 3: ಇದೆಲ್ಲ ಮೇಲುಮೇಲಿನ ಅಲಂಕಾರ. ಜೀವಕೋಶದವರೆಗೆ ಏನೂ ಮುಟ್ಟುವುದಿಲ್ಲ.

ವಾಸ್ತವ: ಉತ್ಪ್ರೇಕ್ಷೆ ಕೇಳಿ ಬೇಸತ್ತವರು ಈ ತೀರ್ಮಾನಕ್ಕೆ ಬರುವುದು ಸಹಜ. ಇದೂ ತಪ್ಪೇ.

ಚರ್ಮದ ಒಳಪದರದಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಿವೆ. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ತಯಾರಿಸುವುದು ಇವೇ. ವಯಸ್ಸಾದಂತೆ ಇವುಗಳಲ್ಲಿ ಹಲವು ಮುದಿಕೋಶಗಳಾಗುತ್ತವೆ, ಮತ್ತು ಐಜಿಎಫ್-1 ಎಂಬ ಪ್ರೋಟೀನನ್ನು ಕಡಿಮೆ ತಯಾರಿಸತೊಡಗುತ್ತವೆ. ಮೇಲ್ಪದರದ ಕೋಶ ಬಿಸಿಲಿಗೆ ಸಿಕ್ಕಿ ಡಿಎನ್‌ಎ ಕೆಟ್ಟಾಗ, ಅದನ್ನು ದುರಸ್ತಿ ಮಾಡುವವರೆಗೆ ವಿಭಜನೆಯಾಗದಂತೆ ತಡೆಯುವ ಕೆಲಸದಲ್ಲಿ ಈ ಪ್ರೋಟೀನಿನ ಪಾತ್ರವಿದೆ. ಅದು ಕಡಿಮೆಯಾದರೆ ಕೆಟ್ಟ ಡಿಎನ್‌ಎ ಹೊತ್ತ ಕೋಶವೂ ವಿಭಜನೆಯಾಗುತ್ತ ಹೋಗುತ್ತದೆ.

ಅಮೆರಿಕದ ಇಂಡಿಯಾನಾ ಮತ್ತು ಒಹಾಯೊ ರಾಜ್ಯಗಳ ಸಂಶೋಧಕರು ಅರವತ್ತು ದಾಟಿದ ಸ್ವಯಂಸೇವಕರ ಒಂದು ಮುಂಗೈಗೆ ಮಾತ್ರ ಫ್ರ್ಯಾಕ್ಷನಲ್ ಲೇಸರ್ (ಚರ್ಮವನ್ನು ಚುಕ್ಕೆಚುಕ್ಕೆಯಾಗಿ ಮಾತ್ರ ಸುಡುವ ಬಗೆ, ವಿವರ ಮುಂದಿದೆ) ಕೊಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದರು. ಚಿಕಿತ್ಸೆ ಪಡೆದ ಚರ್ಮದಲ್ಲಿ ಐಜಿಎಫ್-1 ಹೆಚ್ಚಿತು, ನೇರಳಾತೀತ ಕಿರಣಕ್ಕೆ ಆ ಚರ್ಮ ಎಳೆಯ ಚರ್ಮದಂತೆ ಸ್ಪಂದಿಸಿತು. ಮುಂದಿನ ಎರಡು ಮೂರು ವರ್ಷಗಳ ಗಮನಿಕೆಯಲ್ಲಿ, ಕ್ಯಾನ್ಸರಿಗೆ ತಿರುಗಬಲ್ಲ ಬಿಸಿಲುಗಂಟುಗಳು ಆ ಕೈಯಲ್ಲಿ ಇನ್ನೊಂದಕ್ಕಿಂತ ಕಡಿಮೆಯಿದ್ದವು. ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆ ಎಂಬ ಭಯಕ್ಕೂ ಇಲ್ಲೊಂದು ಉತ್ತರವಿದೆ.

ಇದನ್ನೂ ಅಳತೆ ಮೀರಿ ಹಿಗ್ಗಿಸಬಾರದು. ಆ ಸ್ವಯಂಸೇವಕರು ಬಿಸಿಲಿಗೆ ಬೇಗ ಸುಡುವ ಬಿಳಿ ಚರ್ಮದವರು. ನಮ್ಮ ಕಂದು ಚರ್ಮದಲ್ಲಿ ಇಂಥ ಗಂಟು, ಇಂಥ ಕ್ಯಾನ್ಸರ್ ಬಹಳ ಕಡಿಮೆ. ಹಾಗಾಗಿ ಅದೇ ಲಾಭ ನಮಗೂ ಅಷ್ಟೇ ಸಿಗುತ್ತದೆಂದು ಹೇಳಲಾಗದು. ಸರಿಯಾಗಿ ಕೊಟ್ಟ ಚಿಕಿತ್ಸೆ ಜೀವಕೋಶದ ವರ್ತನೆಯನ್ನು ಬದಲಿಸಬಲ್ಲದು ಎಂಬುದಂತೂ ದೃಢವಾಗಿದೆ.

ತಪ್ಪು ಕಲ್ಪನೆ 4: ಯಂತ್ರ ಚರ್ಮವನ್ನು ಎಳೆದು ಬಿಗಿ ಮಾಡುತ್ತದೆ. ಅದೇ ದಿನ ಕಂಡದ್ದೇ ಫಲಿತಾಂಶ.

ವಾಸ್ತವ: ಕನ್ನಡಿಯಲ್ಲಿ ಅದೇ ದಿನ ಕಾಣುವ ಬಿಗಿ ಹೆಚ್ಚಾಗಿ ಬಾವಿನಿಂದ ಬಂದದ್ದು. ಬಿಸಿಗೆ ಮುದುಡಿದ ಕೊಲಾಜೆನ್ನಿನ ಪಾಲು ಸ್ವಲ್ಪ. ಬಾವು ಕೆಲವು ದಿನದಲ್ಲಿ ಇಳಿಯುತ್ತದೆ. ನಿಜವಾದ ಕೆಲಸ ಆಮೇಲೆ ನಡೆಯುತ್ತದೆ, ಅದನ್ನು ಮಾಡುವುದು ಯಂತ್ರವಲ್ಲ, ನಮ್ಮ ದೇಹ.

ವಯಸ್ಸಾದ ಚರ್ಮದೊಳಗಿನ ಸ್ಥಿತಿ ಹೀಗಿರುತ್ತದೆ. ಕೊಲಾಜೆನ್ ಎಳೆಗಳು ತುಂಡುತುಂಡಾಗಿರುತ್ತವೆ. ಹಗ್ಗದ ಮಂಚದ ಹಗ್ಗಗಳು ಅಲ್ಲಲ್ಲಿ ಹರಿದು ಜೋತುಬಿದ್ದ ಹಾಗೆ ಚರ್ಮ ಕುಸಿಯುತ್ತದೆ. ಫೈಬ್ರೊಬ್ಲಾಸ್ಟ್‌ಗಳಿಗೆ ಹಿಡಿದು ಜಗ್ಗಲು ಗಟ್ಟಿ ಎಳೆ ಸಿಗುವುದಿಲ್ಲ. ಅವು ಮುದುಡಿಕೊಂಡು ಉತ್ಪಾದನೆ ಕಡಿಮೆ ಮಾಡುತ್ತವೆ. ಚರ್ಮದ ಕೊಲಾಜೆನ್ನಿನಲ್ಲಿ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ಹರಿದ ತುಂಡುಗಳು ಅಷ್ಟು ಕಾಲ ಅಲ್ಲೇ ಉಳಿಯುತ್ತವೆ.

ಫ್ರ್ಯಾಕ್ಷನಲ್ ಲೇಸರ್ ಈ ಚರ್ಮದಲ್ಲಿ ಕೂದಲೆಳೆಯಷ್ಟು ಸಣ್ಣ ಸುಟ್ಟ ಕಂಬಗಳನ್ನು ಸಾಲುಸಾಲಾಗಿ ಮಾಡುತ್ತದೆ. ಪ್ರತಿ ಕಂಬದ ಸುತ್ತ ಸುಡದ, ಜೀವಂತ ಚರ್ಮ ಉಳಿದಿರುತ್ತದೆ. ಬಾಸ್ಟನ್ನಿನ ವೈದ್ಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಈ ಉಪಾಯದ ಜಾಣತನ ಇರುವುದೇ ಇಲ್ಲಿ. ಉಳಿದ ಚರ್ಮದ ಕೋಶಗಳು ಬಂದು ಮೇಲ್ಪದರದ ಗಾಯವನ್ನು ಒಂದೆರಡು ದಿನದಲ್ಲೇ ಮುಚ್ಚುತ್ತವೆ. ಬಿಸಿ ತಾಗಿದ ಕೋಶಗಳಲ್ಲಿ ರಕ್ಷಣೆಯ ಪ್ರೋಟೀನುಗಳು ಏಳುತ್ತವೆ. ಕೊಲಾಜೆನ್ ಕತ್ತರಿಸುವ ಕಿಣ್ವಗಳು ಬಂದು ಹಳೆಯ ತುಂಡುಗಳನ್ನು ತೆರವು ಮಾಡುತ್ತವೆ. ಆ ಮೇಲೆ ಫೈಬ್ರೊಬ್ಲಾಸ್ಟ್‌ಗಳು ಹೊಸ ಕೊಲಾಜೆನ್ ಸುರಿಯತೊಡಗುತ್ತವೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಪಡೆದ ಚರ್ಮದ ತುಣುಕುಗಳನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಇದೇ ಕ್ರಮ ಕಂಡಿತು. ಮೊದಲು ಕಿಣ್ವಗಳ ಏರಿಕೆ, ಸುಮಾರು ಮೂರು ವಾರಕ್ಕೆ ಹೊಸ ಕೊಲಾಜೆನ್ ತಯಾರಿಯ ಶಿಖರ, ಆಮೇಲೆ ತಿಂಗಳುಗಟ್ಟಲೆ ಅದರ ಮುಂದುವರಿಕೆ. ಆದ್ದರಿಂದ ಫಲಿತಾಂಶ ಅಳೆಯಬೇಕಾದದ್ದು ಮೂರರಿಂದ ಆರು ತಿಂಗಳ ನಂತರ. ಎರಡೇ ದಿನಕ್ಕೆ ತೆಗೆದ ಮೊದಲು-ನಂತರದ ಫೋಟೊ ನಂಬಿ ಪ್ಯಾಕೇಜ್ ಕೊಳ್ಳಬೇಡಿ.

ತಪ್ಪು ಕಲ್ಪನೆ 5: ಒಲೆಯ ಮುಂದೆ ಕೂತವರ ಮುಖ ಬಾಡುತ್ತದೆ. ಯಂತ್ರದ ಬಿಸಿಯೂ ಚರ್ಮವನ್ನು ಹಾಗೆಯೇ ಬಾಡಿಸುತ್ತದೆ.

ವಾಸ್ತವ: ಹಿರಿಯರ ಈ ಮಾತಿನ ಮೊದಲರ್ಧ ನಿಜ. ಮತ್ತೆ ಮತ್ತೆ, ವರ್ಷಗಟ್ಟಲೆ ತಾಗುವ ಬಿಸಿ ಚರ್ಮಕ್ಕೆ ಕೆಟ್ಟದ್ದು. ಕೊಲಾಜೆನ್ ಕತ್ತರಿಸುವ ಕಿಣ್ವಗಳು ಆಗ ಸದಾ ಎಚ್ಚರವಾಗಿರುತ್ತವೆ. ದಿನವೂ ಕೆಂಡದ ಅಥವಾ ಹೀಟರಿನ ಪಕ್ಕ ಕೂರುವವರ ಕಾಲಿನಲ್ಲಿ ಬಲೆಯಂಥ ಕಂದು ಗುರುತು ಮೂಡುವುದನ್ನು ಚರ್ಮವೈದ್ಯರು ಬಲ್ಲರು. ಕಾಶ್ಮೀರದಲ್ಲಿ ಚಳಿಗೆ ನಿಲುವಂಗಿಯೊಳಗೆ ಕಾಂಗ್ಡಿ ಎಂಬ ಕೆಂಡದ ಕುಡಿಕೆ ಇಟ್ಟುಕೊಳ್ಳುವವರ ತೊಡೆ, ಹೊಟ್ಟೆಯ ಚರ್ಮದಲ್ಲಿ ಕ್ಯಾನ್ಸರ್ ಬರುವುದನ್ನು 19ನೇ ಶತಮಾನದಿಂದಲೇ ವೈದ್ಯರು ದಾಖಲಿಸಿದ್ದಾರೆ.

ಎರಡನೆಯ ಅರ್ಧ ಮಾತ್ರ ಸರಿಯಲ್ಲ. ಒಲೆಯ ಬಿಸಿ ಗಂಟೆಗಟ್ಟಲೆ ತಾಗುತ್ತದೆ, ದಿನವೂ ತಾಗುತ್ತದೆ, ವಾಸಿಯಾಗಲು ಬಿಡುವು ಕೊಡುವುದಿಲ್ಲ. ಲೇಸರಿನ ಒಂದು ಮಿಡಿತ ಸೆಕೆಂಡಿನ ಸಣ್ಣದೊಂದು ಭಾಗ. ಹೈಫು 60ರಿಂದ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿಸುವುದು ಚರ್ಮದ ಕೆಳಗಿನ ಚುಕ್ಕಿಯಷ್ಟು ಜಾಗಕ್ಕೆ. ಎರಡು ಸಿಟ್ಟಿಂಗ್‌ಗಳ ನಡುವೆ ವಾರಗಳು, ಕೆಲವಕ್ಕೆ ತಿಂಗಳುಗಳ ಅಂತರ ಇರುತ್ತದೆ. ಆ ಬಿಡುವಿನಲ್ಲೇ ದುರಸ್ತಿ ನಡೆಯುತ್ತದೆ. ಬಿಡುವಿಲ್ಲದ ಬಿಸಿ ಮುಪ್ಪು ತರುತ್ತದೆ, ಅಳತೆಯ ಬಿಸಿ ದುರಸ್ತಿಗೆ ಕರೆ ಕೊಡುತ್ತದೆ. ಹಾಗೆಂದು ದಿನವೂ ಮುಖಕ್ಕೆ ಬಿಸಿ ಹಬೆ ಹಿಡಿದರೆ ಕೊಲಾಜೆನ್ ಬೆಳೆಯುತ್ತದೆ ಎಂದುಕೊಂಡರೆ ಅದೂ ತಪ್ಪು.

ತಪ್ಪು ಕಲ್ಪನೆ 6: ಕೋಶಗಳ ವಿಭಜನೆಗೆ ಒಂದು ಲೆಕ್ಕವಿದೆ. ಲೇಸರ್ ಅದನ್ನು ಬೇಗ ಮುಗಿಸುತ್ತದೆ. ನಿಲ್ಲಿಸಿದ ಕೂಡಲೇ ಮುಪ್ಪು ಒಮ್ಮೆಲೇ ಎರಗುತ್ತದೆ.

ವಾಸ್ತವ: ಹೇಫ್ಲಿಕ್ ಕಂಡ ಮಿತಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳದ್ದು. ನಮ್ಮ ಮೇಲ್ಪದರದ ತಳದಲ್ಲಿ ಕಾಂಡಕೋಶಗಳಿವೆ. ಅವು ಲೇಸರ್ ಇರಲಿ ಬಿಡಲಿ, ಸುಮಾರು ಒಂದೂವರೆ ತಿಂಗಳೊಳಗೆ ಒಂದು ಹೊಸ ಮೇಲ್ಪದರವನ್ನು ಬದುಕಿರುವವರೆಗೂ ಕಟ್ಟಿಕೊಡುತ್ತಲೇ ಇರುತ್ತವೆ. ವರ್ಷಕ್ಕೆ ಕೆಲವು ಸಿಟ್ಟಿಂಗ್‌ಗಳಿಂದ ಆ ಖಜಾನೆ ಬರಿದಾಗುವುದಿಲ್ಲ.

ಚಿಕಿತ್ಸೆ ನಿಲ್ಲಿಸಿದರೆ ಆಗುವುದು ಇಷ್ಟೇ. ವಯಸ್ಸು ತನ್ನ ಪಾಡಿಗೆ ಮುಂದೆ ಸಾಗುತ್ತದೆ, ಬಿಸಿಲು ತನ್ನ ಕೆಲಸ ಮುಂದುವರಿಸುತ್ತದೆ, ಕಟ್ಟಿಕೊಂಡ ಕೊಲಾಜೆನ್ ನಿಧಾನವಾಗಿ ಸವೆಯುತ್ತದೆ. ಒಮ್ಮೆಲೇ ಮುಪ್ಪು ಬಂತು ಎನಿಸುವುದು ನಡುವೆ ಕಂಡ ಒಳ್ಳೆಯ ದಿನಗಳ ಜೊತೆ ಹೋಲಿಸಿಕೊಳ್ಳುವುದರಿಂದ. ಚರ್ಮ ತೆಳುವಾಗುತ್ತದೆ ಎಂಬುದೂ ಹಾಗೆಯೇ. ಗಾಯ ಮಾಯುವ ದಿನಗಳಲ್ಲಿ ಮೇಲ್ಪದರ ಸೂಕ್ಷ್ಮವಾಗಿರುತ್ತದೆ, ಉರಿಯುತ್ತದೆ, ಕೆಂಪಗಾಗುತ್ತದೆ. ಆದರೆ ಸರಿಯಾಗಿ ಮಾಯ್ದ ಮೇಲೆ ಒಳಪದರ ದಪ್ಪವಾಗುವುದೇ ಈ ಚಿಕಿತ್ಸೆಯ ಉದ್ದೇಶ. ಮುಖ ನಿಜಕ್ಕೂ ತೆಳುವಾಗಿದ್ದರೆ, ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿದ ಸ್ಟೀರಾಯ್ಡ್ ಕ್ರೀಮಿನ ಮೇಲೆ ಮೊದಲು ಅನುಮಾನ ಪಡಬೇಕು.

ತಪ್ಪು ಕಲ್ಪನೆ 7: ಶಕ್ತಿ ಹೆಚ್ಚಿಸಿದಷ್ಟೂ, ನೋವು ತಿಂದಷ್ಟೂ, ಸಿಟ್ಟಿಂಗ್ ಹೆಚ್ಚಿದಷ್ಟೂ ಲಾಭ ಹೆಚ್ಚು.

ವಾಸ್ತವ: ದುಡ್ಡು ಕೊಟ್ಟಿದ್ದೇವೆ, ಜೋರಾಗಿಯೇ ಕೊಡಲಿ ಎಂಬ ಹಟ ನಮ್ಮಲ್ಲಿದೆ. ದೇಹದ ಲೆಕ್ಕ ಬೇರೆ. ಬಿಸಿ ಕಡಿಮೆಯಾದರೆ ಏನೂ ಆಗುವುದಿಲ್ಲ. ಹದವಾಗಿದ್ದರೆ ಕೋಶ ಎಚ್ಚೆತ್ತು ದುರಸ್ತಿ ಮಾಡುತ್ತದೆ. ಮಿತಿ ಮೀರಿದರೆ ಕೋಶ ಸಾಯುತ್ತದೆ, ಕಾಂಡಕೋಶಗಳ ನೆಲೆಯೇ ಸುಟ್ಟುಹೋಗುತ್ತದೆ, ಆ ಜಾಗವನ್ನು ದೇಹ ಗಟ್ಟಿ ಕಲೆಯಿಂದ ತುಂಬುತ್ತದೆ. ಕಲೆಯಲ್ಲೂ ಕೊಲಾಜೆನ್ ಇದೆ, ಆದರೆ ಅದು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಬಿದ್ದಿರುತ್ತದೆ. ಯೌವನದ ಚರ್ಮದ ನೇಯ್ಗೆ ಅದಲ್ಲ.

ಹೈಫು, ಆರ್‌ಎಫ್ ತಪ್ಪಿದ ಆಳಕ್ಕೆ ಹೋದರೆ ಕೆನ್ನೆಯ ಕೊಬ್ಬು ಕರಗಿ ಮುಖ ಇನ್ನಷ್ಟು ಸೊರಗಿದಂತೆ ಕಾಣುತ್ತದೆ, ನರಕ್ಕೆ ಪೆಟ್ಟಾಗಿ ಕೆಲಕಾಲ ಮರಗಟ್ಟುತ್ತದೆ. ವಾಸಿಯಾಗುವ ಮೊದಲೇ ಮುಂದಿನ ಸಿಟ್ಟಿಂಗ್ ಕೊಟ್ಟರೆ ಉರಿಯೂತ ಆರುವುದೇ ಇಲ್ಲ. ಆರದ ಉರಿಯೂತವೂ ಮುಪ್ಪಿನ ಲಕ್ಷಣಗಳಲ್ಲೊಂದು. ತಾಳಲಾರದ ಉರಿಯಾದರೆ ಸಹಿಸಿಕೊಳ್ಳಬೇಡಿ, ಅಲ್ಲಿಯೇ ನಿಲ್ಲಿಸಲು ಹೇಳಿ. ಮರಗಟ್ಟಿಸುವ ಕ್ರೀಮು ದಪ್ಪವಾಗಿ ಹಚ್ಚಿ ಆ ಎಚ್ಚರಿಕೆಯನ್ನೇ ಅಡಗಿಸುವುದು ಸರಿಯಲ್ಲ.

ತಪ್ಪು ಕಲ್ಪನೆ 8: ಕಪ್ಪು, ಕಂದು ಚರ್ಮಕ್ಕೆ ಲೇಸರ್ ಆಗಿಬರುವುದೇ ಇಲ್ಲ. ಇಲ್ಲವೇ, ಲೇಸರ್ ಮಾಡಿಸಿದರೆ ಎಂಥವರೂ ಬೆಳ್ಳಗಾಗುತ್ತಾರೆ.

ವಾಸ್ತವ: ಎರಡೂ ಒಂದೇ ಸಂಗತಿಯನ್ನು ತಪ್ಪಾಗಿ ತಿಳಿದದ್ದರ ಫಲ. ಆ ಸಂಗತಿ ಮೆಲನಿನ್. 1983ರಲ್ಲಿ ಹಾರ್ವರ್ಡ್‌ನ ರಾಕ್ಸ್ ಆ್ಯಂಡರ್ಸನ್ ಮತ್ತು ಜಾನ್ ಪ್ಯಾರಿಶ್, ಸರಿಯಾದ ತರಂಗಾಂತರವನ್ನು ಸರಿಯಾದಷ್ಟೇ ಹೊತ್ತು ಕೊಟ್ಟರೆ ಬೇಕಾದ ಗುರಿಯನ್ನು ಮಾತ್ರ ಕಾಯಿಸಿ ಸುತ್ತಲಿನ ಚರ್ಮವನ್ನು ಉಳಿಸಬಹುದು ಎಂದು ತೋರಿಸಿದರು. ಇಂದಿನ ಲೇಸರ್ ಚಿಕಿತ್ಸೆಯೆಲ್ಲ ನಿಂತಿರುವುದು ಈ ತಳಹದಿಯ ಮೇಲೆ. ನಮ್ಮ ಮೇಲ್ಪದರದಲ್ಲಿ ಮೆಲನಿನ್ ಹೆಚ್ಚು. ಗುರಿ ಒಳಗಿದ್ದರೂ ದಾರಿಯಲ್ಲೇ ಮೆಲನಿನ್ ಬೆಳಕನ್ನು ಹೀರಿ ಸುಡುತ್ತದೆ. ಹಾಗಾಗಿ ನಮಗೆ ಮೆಲನಿನ್ ಕಡಿಮೆ ಹೀರುವ 1064 ನ್ಯಾನೊಮೀಟರ್‌ನಂಥ ಉದ್ದ ತರಂಗಾಂತರ, ಕಡಿಮೆ ಶಕ್ತಿ, ಚೆನ್ನಾದ ತಂಪುವ್ಯವಸ್ಥೆ ಬೇಕು. ಆರ್‌ಎಫ್, ಹೈಫುಗಳಿಗೆ ಚರ್ಮದ ಬಣ್ಣ ಅಷ್ಟು ಅಡ್ಡಿಯಲ್ಲ.

ನಮ್ಮ ಚರ್ಮದ ನಿಜವಾದ ತೊಂದರೆ ಚಿಕಿತ್ಸೆಯ ನಂತರದ ಕಪ್ಪು ಕಲೆ. ಬಣ್ಣ ತಯಾರಿಸುವ ಕೋಶಗಳು ಉರಿಯೂತಕ್ಕೆ ಕೆರಳಿ ಮೆಲನಿನ್ ಸುರಿಯುತ್ತವೆ. ಬಂಗು ಇದ್ದವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಐಪಿಎಲ್ ಬೆಳಕಿಗೆ, ಬಿಸಿಗೆ ಬಂಗು ಮೊದಲು ತಿಳಿಯಾದಂತೆ ಕಂಡು, ಕೆಲವು ವಾರಗಳಲ್ಲಿ ಮೊದಲಿಗಿಂತ ಗಾಢವಾಗಿ ಮರಳಬಹುದು. ಕಡಿಮೆ ಶಕ್ತಿಯ ಲೇಸರ್ ಟೋನಿಂಗ್ ಅನ್ನು ಅತಿಯಾಗಿ ಮಾಡಿಸಿಕೊಂಡವರ ಮುಖದಲ್ಲಿ ಬಿಳಿ ಚುಕ್ಕೆಗಳೂ ಮೂಡಿವೆ. ಬಂಗಿಗೆ ಮೊದಲ ಮದ್ದು ಬಿಸಿಲಿನಿಂದ ರಕ್ಷಣೆ ಮತ್ತು ವೈದ್ಯರು ಕೊಡುವ ಕ್ರೀಮು. ಲೇಸರಿನ ಸರದಿ ಬಹಳ ಹಿಂದೆ. ಹುಟ್ಟಿನಿಂದ ಬಂದ ಬಣ್ಣವನ್ನು ಬದಲಿಸುವುದಂತೂ ಯಾವ ಲೇಸರಿಗೂ ಸಾಧ್ಯವಿಲ್ಲ. ಆ ಬಣ್ಣವೇ ಬಿಸಿಲಿನ ಮುಪ್ಪಿನಿಂದ ನಮ್ಮನ್ನು ಕಾಯುತ್ತಿರುವ ಕಾವಲು. ಅದನ್ನು ಕೊರತೆಯೆಂದು ನಮಗೆ ಮಾರುವವರ ಮಾತನ್ನು ತಿರಸ್ಕರಿಸಲೇಬೇಕು.

ತಪ್ಪು ಕಲ್ಪನೆ 9: ಮನೆಯಲ್ಲಿ ಹಾಕಿಕೊಳ್ಳುವ ಕೆಂಪು ದೀಪದ ಮಾಸ್ಕ್ ಲೇಸರಿಗೆ ಸಮ.

ವಾಸ್ತವ: ಹೆಸರಲ್ಲಿ ಬೆಳಕಿದ್ದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ. ಎಲ್‌ಇಡಿ ಸುಡುವುದಿಲ್ಲ, ಗಾಯ ಮಾಡುವುದಿಲ್ಲ. ಆದರೂ ಮಂದ ಬೆಳಕಿಗೆ ಕೋಶ ಸ್ಪಂದಿಸುತ್ತದೆ ಎಂಬ ಸುಳಿವು ಹಳೆಯದು. 1960ರ ದಶಕದ ಕೊನೆಯಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್, ಮಂದ ಕೆಂಪು ಲೇಸರ್ ಬಿದ್ದ ಇಲಿಗಳ ಬೋಳಿಸಿದ ಬೆನ್ನಿನಲ್ಲಿ ಕೂದಲು ಬೇಗ ಬೆಳೆದದ್ದನ್ನು ಗಮನಿಸಿದ್ದರು. ಕೆಂಪು ಮತ್ತು ಅವಗೆಂಪು ಬೆಳಕನ್ನು ಮೈಟೊಕಾಂಡ್ರಿಯದೊಳಗಿನ ಒಂದು ಕಿಣ್ವ ಹೀರಿಕೊಂಡು ಕೋಶದ ಶಕ್ತಿ ತಯಾರಿಗೆ ನೆರವಾಗುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಸುಕ್ಕಿಗೆ ಸಣ್ಣಮಟ್ಟಿನ ಸುಧಾರಣೆ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅದೂ ತಿಂಗಳುಗಟ್ಟಲೆ ತಪ್ಪದೆ ಬಳಸಿದ ಮೇಲೆ. ಆಳವಾದ ಸುಕ್ಕಿಗೆ, ಮೊಡವೆ ಬಿಟ್ಟ ಗುಳಿಗಳಿಗೆ ಇದು ಸಾಲದು. ಬಂಗು ಇರುವವರು, ಬೆಳಕಿಗೆ ಚರ್ಮ ಕೆರಳಿಸುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ತಪ್ಪು ಕಲ್ಪನೆ 10: ಚಿಕಿತ್ಸೆ ಆಯಿತಲ್ಲ, ಇನ್ನು ಬಿಸಿಲಿಗೆ ಹೆದರಬೇಕಿಲ್ಲ.

ವಾಸ್ತವ: ಎಲ್ಲ ತಪ್ಪು ಕಲ್ಪನೆಗಳಲ್ಲಿ ಹೆಚ್ಚು ನಷ್ಟ ಮಾಡುವುದು ಇದೇ. ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ, ಚರ್ಮ ಕೆಂಪೇರುವುದಕ್ಕೂ ಸಾಲದಷ್ಟು ಅಲ್ಪ ನೇರಳಾತೀತ ಕಿರಣವೇ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸಲು ಸಾಕು. ಗಾಜಿನ ಹಿಂದೆ ಕೂತರೂ ಯುವಿಎ ಕಿರಣ ಒಳಬರುತ್ತದೆ. 28 ವರ್ಷ ವಾಹನ ಓಡಿಸಿದ ಅಮೆರಿಕದ ಚಾಲಕರೊಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಕಿಟಕಿಯ ಕಡೆಯ ಎಡಕೆನ್ನೆ ಆಳವಾಗಿ ಸುಕ್ಕುಗಟ್ಟಿತ್ತು, ಬಲಕೆನ್ನೆ ಎಷ್ಟೋ ವರ್ಷ ಕಿರಿಯದೆಂಬಂತೆ ಕಾಣುತ್ತಿತ್ತು. ನಮ್ಮಲ್ಲಿ ಚಾಲಕರು ಬಲಗಡೆ ಕೂರುತ್ತಾರೆ. ನಮ್ಮ ಬಸ್ಸು, ಲಾರಿ, ಟ್ಯಾಕ್ಸಿ ಚಾಲಕರ ಬಲಗೈ ಹೇಳುವುದೂ ಇದೇ ಕಥೆಯನ್ನು.

ಇದಕ್ಕೆ ಅಗ್ಗದ ಉತ್ತರ ಇದೆ. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನದ ವರದಿ 2013ರಲ್ಲಿ ಹೊರಬಂತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು. ಲೇಸರ್ ಪಡೆದ ಚರ್ಮಕ್ಕೆ ಈ ರಕ್ಷಣೆ ಇನ್ನೂ ಅಗತ್ಯ. ಹೊಸ ಮೇಲ್ಪದರ ಎಳೆಯದು, ಬಣ್ಣದ ಕೋಶಗಳು ಕೆರಳಿರುತ್ತವೆ. ಬಂಗು ಇರುವವರಿಗೆ ಗೋಚರ ಬೆಳಕನ್ನೂ ತಡೆಯುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಜೊತೆಗೆ ಕೊಡೆ, ಅಗಲ ಅಂಚಿನ ಟೋಪಿ, ಸೆರಗು, ದುಪಟ್ಟಾ ಎಲ್ಲವೂ ಕೆಲಸಕ್ಕೆ ಬರುತ್ತವೆ.

ತಪ್ಪು ಕಲ್ಪನೆ 11: ಯಂತ್ರ ಒಳ್ಳೆಯದಿದ್ದರೆ ಸಾಕು. ಯಾರು ಮಾಡಿದರೂ ಒಂದೇ.

ವಾಸ್ತವ: ಇಲ್ಲಿಯವರೆಗೆ ಹೇಳಿದ್ದೆಲ್ಲ ಅಳತೆಯ ಮಾತು. ಎಷ್ಟು ಆಳ, ಎಷ್ಟು ಶಕ್ತಿ, ಎಷ್ಟು ಹೊತ್ತು, ಎಷ್ಟು ಬಿಡುವು. ಈ ಅಳತೆಯನ್ನು ನಿರ್ಧರಿಸುವುದು ಯಂತ್ರವಲ್ಲ, ಅದನ್ನು ಹಿಡಿದ ಕೈ. ಒಂದೇ ಯಂತ್ರ ಒಬ್ಬರ ಮೊಡವೆ ಗುಳಿಯನ್ನು ತುಂಬಿಸುತ್ತದೆ, ಇನ್ನೊಬ್ಬರ ಕೆನ್ನೆಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಕಣ್ಣಿಗೆ ತಕ್ಕ ರಕ್ಷಣೆ ಇಲ್ಲದೆ ರೆಪ್ಪೆಯ ಹತ್ತಿರ ಲೇಸರ್ ಕೊಟ್ಟು ದೃಷ್ಟಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಕೆಲವನ್ನು ಕೇಳಿ ತಿಳಿಯಿರಿ. ಅಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಪಡೆದ ಚರ್ಮರೋಗ ತಜ್ಞರು ಇದ್ದಾರೆಯೇ? ಅವರ ಹೆಸರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ? ಕರ್ನಾಟಕದಲ್ಲಾದರೆ ಆ ಕ್ಲಿನಿಕ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಮಾಡಿಸಿದೆಯೇ? ಬಳಸುವ ಯಂತ್ರ ಯಾವುದು, ತರಂಗಾಂತರ ಎಷ್ಟು? ಕಿವಿಯ ಹಿಂದೆ ಅಥವಾ ದವಡೆಯ ಅಂಚಿನಲ್ಲಿ ಮೊದಲು ಚಿಕ್ಕದೊಂದು ಜಾಗಕ್ಕೆ ಕೊಟ್ಟು ನೋಡುತ್ತಾರೆಯೇ? ಸುಟ್ಟರೆ ಯಾರು ನೋಡಿಕೊಳ್ಳುತ್ತಾರೆ? ನೀವೂ ಮುಚ್ಚಿಡದೆ ಹೇಳಬೇಕಾದದ್ದಿದೆ. ಹಿಂದೆ ಗಾಯವಾದಾಗ ಉಬ್ಬುಗಲೆ ಎದ್ದದ್ದು, ಬಾಯಿಯ ಸುತ್ತ ಹರ್ಪಿಸ್ ಗುಳ್ಳೆ ಬರುವುದು, ಮೊಡವೆಗೆ ನುಂಗುತ್ತಿರುವ ಮಾತ್ರೆ, ಇತ್ತೀಚಿನ ಬಿಸಿಲಿನ ಓಡಾಟ, ಪೇಸ್‌ಮೇಕರ್, ಗರ್ಭಿಣಿಯಾಗಿರುವುದು. ಇವುಗಳನ್ನು ಕೇಳದೆಯೇ ಪ್ಯಾಕೇಜ್ ಬರೆಯುವ ಜಾಗದಿಂದ ಎದ್ದು ಬರುವುದೇ ಲೇಸು.

ಒಟ್ಟಿನಲ್ಲಿ ತಿಳಿಯಬೇಕಾದದ್ದು ಸರಳ. ಯಂತ್ರ ಚರ್ಮಕ್ಕೆ ಯೌವನ ತುಂಬುವುದಿಲ್ಲ. ಅದು ಅಳೆದು ಒಂದು ಸಣ್ಣ ಗಾಯ ಮಾಡುತ್ತದೆ, ದೇಹ ಆ ಗಾಯವನ್ನು ಮಾಯಿಸುವಾಗ ಹಳೆಯ ಹಾನಿಯನ್ನೂ ಒಂದಿಷ್ಟು ಸರಿಪಡಿಸುತ್ತದೆ. ಸುಟ್ಟಗಾಯದ ಬಿಗಿದ ಕಲೆಯನ್ನು ಮೆದುಗೊಳಿಸಿ ಕೈ ಆಡಿಸುವಂತೆ ಮಾಡಿದ್ದು, ಮೊಡವೆ ಗುಳಿಗಳಿಂದ ತಲೆ ತಗ್ಗಿಸಿದ ಹುಡುಗ ಹುಡುಗಿಯರಿಗೆ ಧೈರ್ಯ ಕೊಟ್ಟದ್ದು ಇದೇ ವಿದ್ಯೆ. ಅದನ್ನು ಗೌರವಿಸೋಣ. ಮಾಯಿಸುವ ಶಕ್ತಿ ಮಾತ್ರ ದೇಹದ್ದೇ. ಬಿಸಿಲಿನಿಂದ ರಕ್ಷಣೆ, ಬೀಡಿ ಸಿಗರೇಟಿನಿಂದ ದೂರ, ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ಸಾಕಷ್ಟು ನಿದ್ದೆ, ಹೊಟ್ಟೆತುಂಬ ಪೌಷ್ಟಿಕ ಊಟ ಆ ಶಕ್ತಿಯನ್ನು ಉಳಿಸುತ್ತವೆ. ಇವಿಷ್ಟನ್ನು ನೋಡಿಕೊಂಡವರಿಗೆ ಲೇಸರ್ ಬೇಕೋ ಬೇಡವೋ ಎಂಬುದು ವೈದ್ಯರೊಡನೆ ಕೂತು ನಿಧಾನವಾಗಿ ತೀರ್ಮಾನಿಸುವ ವಿಷಯ. ಇವನ್ನು ಕಡೆಗಣಿಸಿದವರ ಚರ್ಮದಲ್ಲಿ ಎಷ್ಟು ಬೆಲೆಯ ಯಂತ್ರವೂ ಹೆಚ್ಚು ಕಾಲ ಗೆಲ್ಲಲಾರದು.